ಗಾಳದ ಕೋಲಿನ ಕಾರ್ಕ್ ಹಿಡಿ: ಸೀಲ್ ಮಾಡುವುದು, ಕಾಪಾಡುವುದು (ಪದೇ ಪದೇ ಕೇಳುವ ಪ್ರಶ್ನೆಗಳು)

ಗೆಳೆಯರ ರಾಡ್‌ಗಳ ಹಿಡಿ ರಿಪೇರಿ ಮಾಡಿಕೊಡುತ್ತಾ ಬಂದಿದ್ದೇನೆ. ಹಾಗಾಗಿ ಇದೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ, ಕೆರೆ ದಡದಲ್ಲಿ ಕೂತಾಗಲೂ, ರಾತ್ರಿ ಹತ್ತು ಗಂಟೆಗೆ ಫೋನಿನಲ್ಲೂ. ಎಲ್ಲವನ್ನೂ ಒಂದು ಕಡೆ ಬರೆದಿಡೋಣ ಅನ್ನಿಸಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ಹತ್ತಿರ ಬರುವ ಹಾಳಾದ ಹಿಡಿಗಳಲ್ಲಿ ಹೆಚ್ಚಿನವು ಸೀಲರ್ (ನೀರು, ಕೊಳೆ ಇಳಿಯದ ಹಾಗೆ ಹಚ್ಚುವ ಲೇಪ) ಇಲ್ಲದೆ ಕೆಟ್ಟವಲ್ಲ. ಒದ್ದೆ ರಾಡನ್ನು ಹಾಗೇ ಕವರಿಗೆ ತುಂಬಿ ಮೂಲೆಯಲ್ಲಿ ನಿಲ್ಲಿಸಿದ್ದರಿಂದ ಕೆಟ್ಟವು.

ಕಾರ್ಕ್ ಅಂದರೆ ಏನು? ಮರವಾ, ಬೆಂಡಾ?

ಎರಡೂ ಅಲ್ಲ, ತೊಗಟೆ. ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಬೆಳೆಯುವ ಕಾರ್ಕ್ ಓಕ್ ಅನ್ನುವ ಮರದ ಹೊರ ತೊಗಟೆ. ಜಗತ್ತಿನ ಕಾರ್ಕಿನಲ್ಲಿ ಸುಮಾರು ಅರ್ಧದಷ್ಟು ಪೋರ್ಚುಗಲ್ ಒಂದರಿಂದಲೇ ಬರುತ್ತದೆ. ಉಳಿದದ್ದು ಸ್ಪೇನ್, ಮೊರಾಕೊ, ಅಲ್ಜೀರಿಯಾ, ಟ್ಯುನೀಷಿಯಾ, ಇಟಲಿ ಕಡೆಯದು.

ಮರಕ್ಕೆ ಸುಮಾರು 25 ವರ್ಷ ಆದ ಮೇಲೆ ಮೊದಲ ಸಲ ತೊಗಟೆ ಸುಲಿಯುತ್ತಾರೆ. ಮರ ಕಡಿಯುವುದಿಲ್ಲ, ತೊಗಟೆ ಮತ್ತೆ ಬೆಳೆಯುತ್ತದೆ. ಪೋರ್ಚುಗಲ್‌ನಲ್ಲಿ ಒಂದು ಸುಲಿತಕ್ಕೂ ಇನ್ನೊಂದಕ್ಕೂ ನಡುವೆ ಕನಿಷ್ಠ 9 ವರ್ಷ ಬಿಡಬೇಕು ಅಂತ ಕಾನೂನೇ ಇದೆ. ಯಾವ ವರ್ಷ ಸುಲಿದದ್ದು ಎಂದು ಮರೆಯದಿರಲಿ ಅಂತ ಆ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ. ಮೊದಲ ಎರಡು ಸುಲಿತದ ತೊಗಟೆ ಒರಟು, ಬಿರುಕು ಜಾಸ್ತಿ. ಒಳ್ಳೆಯ ಬಿರಡೆಗೆ ಬೇಕಾದ ನಯವಾದ ತೊಗಟೆ ಮೂರನೆಯ ಸುಲಿತದಿಂದ ಸಿಗುತ್ತದೆ. ಅಷ್ಟು ಹೊತ್ತಿಗೆ ಮರಕ್ಕೆ ನಲವತ್ತು ದಾಟಿರುತ್ತದೆ. ನಿಮ್ಮ ಹಿಡಿಯ ನಯವಾದ ಉಂಗುರಗಳೂ ಅಂಥ ತೊಗಟೆಯಿಂದಲೇ ಬಂದವು. ಕಂಡಕಂಡಾಗಲೆಲ್ಲ ಸ್ಯಾಂಡ್ ಪೇಪರ್ ಹಾಕಿ ಉಜ್ಜಬೇಡಿ ಅಂತ ನಾನು ಬೇಡಿಕೊಳ್ಳುವುದು ಇದಕ್ಕೇ.

ಈ ತೊಗಟೆಯಿಂದ ಸಾಮಾನ್ಯವಾಗಿ ಅರ್ಧ ಇಂಚು ದಪ್ಪದ ಬಿಲ್ಲೆಗಳನ್ನು ತೆಗೆದು, ನಡುವೆ ತೂತು ಕೊರೆದು, ಒಂದರ ಪಕ್ಕ ಒಂದು ಅಂಟಿಸಿ, ಲೇತಿನಲ್ಲಿ ತಿರುಗಿಸಿ ಹಿಡಿಯ ಆಕಾರ ಕೊಡುತ್ತಾರೆ. ಹಿಡಿಯನ್ನು ಹತ್ತಿರದಿಂದ ನೋಡಿ, ಬಿಲ್ಲೆಗಳ ನಡುವಿನ ಗೆರೆ ಕಾಣುತ್ತದೆ.

ಬಾಟಲಿಯ ಬಿರಡೆ ವರ್ಷಗಟ್ಟಲೆ ನೀರು ತಡೆಯುತ್ತದೆ ಅಲ್ವಾ? ಮತ್ತೆ ಹಿಡಿಗೆ ಸೀಲ್ ಯಾಕೆ?

ತುಂಬಾ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಗೊತ್ತಾದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಕಾರ್ಕ್ ತಾನಾಗಿ ನೀರು ಕುಡಿಯುವುದಿಲ್ಲ. 1665ರಲ್ಲಿ ರಾಬರ್ಟ್ ಹುಕ್ ತನ್ನ ಸೂಕ್ಷ್ಮದರ್ಶಕದಲ್ಲಿ ನೋಡಿ ‘ಸೆಲ್’ ಎಂದು ಹೆಸರಿಟ್ಟದ್ದು ಕಾರ್ಕಿನ ಚೂರಿನ ಪುಟ್ಟ ಕೋಣೆಗಳಿಗೇ. ಒಂದು ಘನ ಸೆಂಟಿಮೀಟರ್ ಕಾರ್ಕಿನಲ್ಲಿ ಅಂಥ ಕೋಣೆಗಳು ಸುಮಾರು 4 ಕೋಟಿ. ಪ್ರತಿಯೊಂದೂ ಮುಚ್ಚಿದ ಕೋಣೆ, ಒಳಗೆ ಬರೀ ಗಾಳಿ. ಗೋಡೆಗಳಲ್ಲಿ ಸುಬೆರಿನ್ ಎಂಬ ಮೇಣದಂಥ ವಸ್ತು. ನೀರಿಗೆ ಒಳಗೆ ಹೋಗಲು ದಾರಿಯೇ ಇಲ್ಲ.

ಆದರೆ ಮರ ಉಸಿರಾಡಬೇಕಲ್ಲ. ಅದಕ್ಕಾಗಿ ತೊಗಟೆಯಲ್ಲಿ ಅಲ್ಲಲ್ಲಿ ಸಣ್ಣ ಕಿಂಡಿಗಳಿರುತ್ತವೆ, ಒಳಗೆ ಕಂದು ಪುಡಿ ತುಂಬಿರುತ್ತದೆ. ಹಿಡಿಯ ಮೇಲೆ ಕಾಣುವ ಕಪ್ಪು ಚುಕ್ಕೆ, ಗೀರುಗಳು ಇವೇ. ಕಾರ್ಖಾನೆಯಲ್ಲಿ ಈ ಕಿಂಡಿಗಳಿಗೆ ಕಾರ್ಕ್ ಪುಡಿ ಮತ್ತು ಅಂಟು ಕಲಸಿ ತುಂಬಿ ನಯ ಮಾಡುತ್ತಾರೆ. ಅಗ್ಗದ ರಾಡ್‌ನಲ್ಲಿ ಈ ತುಂಬಿದ ಭಾಗ ಜಾಸ್ತಿ. ನೀರು ತಾಗಿ, ಬಿಸಿಲು ತಾಗಿ, ಒಂದೆರಡು ಸೀಸನ್‌ಗೆ ಅದು ಉದುರಿ ಗುಂಡಿ ಬೀಳುತ್ತದೆ. ಗುಂಡಿಯಲ್ಲಿ ಕೊಳೆ, ಮೀನಿನ ಲೋಳೆ, ಬೆವರು ಕೂರುತ್ತವೆ. ಅಂಚುಗಳು ಚೂರುಚೂರಾಗಿ ಏಳುತ್ತವೆ.

ಅಂದರೆ ನಾವು ಸೀಲ್ ಮಾಡುವುದು ಕಾರ್ಕಿಗಲ್ಲ, ಆ ಕಿಂಡಿಗಳಿಗೆ ಮತ್ತು ಅಂಟಿನ ಗೆರೆಗಳಿಗೆ. ಹೀಗೆ ಯೋಚಿಸಿದರೆ ಎಷ್ಟು ಹಚ್ಚಬೇಕು ಅನ್ನುವುದೂ ಗೊತ್ತಾಗುತ್ತದೆ: ತೆಳುವಾಗಿ, ಕಿಂಡಿ ಹೀರುವಷ್ಟು ಮಾತ್ರ.

ಹೊಸ ರಾಡ್ ತಂದಿದ್ದೇನೆ. ಹಿಡಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹಾಗೇ ಇರಲಾ?

ಬೇಡ. ಇವತ್ತೇ ಕಿತ್ತು ಹಾಕಿ. ಅದು ಅಂಗಡಿಯಲ್ಲಿ ಕೈಕೊಳೆ ಆಗದಿರಲಿ ಅಂತ ಹಾಕಿದ್ದು. ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಕಾರ್ಕ್ ಕಪ್ಪಾಗುತ್ತದೆ, ರೀಲ್ ಸೀಟಿನ, ಅಂದರೆ ದಾರ ಸುತ್ತುವ ರೀಲ್ ಕೂರಿಸುವ ಜಾಗದ, ಲೋಹಕ್ಕೆ ತುಕ್ಕು ಹಿಡಿಯುತ್ತದೆ. ಹೊಸ ಸೋಫಾದ ಕವರ್ ತೆಗೆಯದ ಮನಸ್ಸು ನನಗೆ ಅರ್ಥವಾಗುತ್ತದೆ, ಆದರೆ ಇಲ್ಲಿ ಅದರಿಂದ ನಷ್ಟವೇ.

ಹೊಸ ಹಿಡಿಗೆ ಮೊದಲ ದಿನವೇ ಸೀಲ್ ಮಾಡಬೇಕಾ?

ಮಾಡಿದರೆ ಒಳ್ಳೆಯದು, ಮಾಡದಿದ್ದರೆ ಅಪರಾಧವಲ್ಲ. ಉಗುರಿನಿಂದ ಹಿಡಿಯ ಮೇಲೆ ಮೆಲ್ಲಗೆ ಗೀರಿ ನೋಡಿ. ತುಂಬಿದ ಭಾಗ ಪುಡಿಪುಡಿಯಾಗಿ ಉದುರಿದರೆ ಈಗಲೇ ಸೀಲ್ ಮಾಡಿ. ಗಟ್ಟಿಯಾಗಿದ್ದರೆ ಒಂದು ಸೀಸನ್ ಬಳಸಿ, ಆಮೇಲೆ ನೋಡೋಣ. ಹೊಸತರಲ್ಲೇ ಮಾಡುವುದರಲ್ಲಿ ಒಂದು ಲಾಭ ಇದೆ. ಹಿಡಿ ಶುಭ್ರವಾಗಿರುತ್ತದೆ, ತೊಳೆಯುವ ಉಜ್ಜುವ ಕೆಲಸ ಇಲ್ಲ.

ಕೊಳೆಯಾದ ಹಿಡಿಯನ್ನು ತೊಳೆಯುವುದು ಹೇಗೆ?

ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಹಳೆಯ ಮೆದು ಹಲ್ಲುಜ್ಜುವ ಬ್ರಷ್. ಅರ್ಧ ಕೊಳೆ ಇದರಲ್ಲೇ ಹೋಗುತ್ತದೆ. ಕೂಡಲೇ ಒರೆಸಿ, ನೆರಳಿನಲ್ಲಿ ಗಾಳಿಗೆ ಇಡಿ. ರಾಡನ್ನು ಬಕೆಟ್ಟಿನಲ್ಲಿ ನೆನೆಹಾಕಬೇಡಿ.

ಇನ್ನೂ ಕಪ್ಪು ಉಳಿದಿದ್ದರೆ ಮೆಲಮೈನ್ ಸ್ಪಾಂಜ್ ತನ್ನಿ. ಗೋಡೆಯ ಮೇಲಿನ ಪೆನ್ಸಿಲ್ ಗೀಟು ಅಳಿಸಲು ಬಳಸುವ ಬಿಳಿ ಸ್ಪಾಂಜ್ ಅದು. ಒದ್ದೆ ಮಾಡಿ ಮೆಲ್ಲಗೆ ಉಜ್ಜಿದರೆ ಸ್ಯಾಂಡ್ ಪೇಪರ್ ಇಲ್ಲದೆಯೇ ಹಿಡಿ ಬೆಳ್ಳಗಾಗುತ್ತದೆ. ಇದೂ ತುಸು ತರಿ ಇರುವ ವಸ್ತುವೇ, ಹಾಗಾಗಿ ಒತ್ತಿ ತಿಕ್ಕಬೇಡಿ. ಎಣ್ಣೆಜಿಡ್ಡಿಗೆ ಪಾಲಿಶ್ ಕೆಲಸದವರು ಬಳಸುವ ಸ್ಪಿರಿಟ್ ಬಟ್ಟೆಗೆ ಹಾಕಿಕೊಂಡು ಒರೆಸಬಹುದು. ಅದು ಹಳೆಯ ಕೋಲಿನ ದಾರದ ಸುತ್ತಿನ ವಾರ್ನಿಷ್‌ಗೆ ಮಾತ್ರ ತಾಗಬಾರದು, ಕರಗಿಬಿಡಬಹುದು.

ಬ್ಲೀಚಿಂಗ್ ನೀರು ಖಂಡಿತ ಬೇಡ. ಬೆಳ್ಳಗೇನೋ ಆಗುತ್ತದೆ, ಜೊತೆಗೆ ಕಾರ್ಕ್ ಬಿರುಸಾಗಿ ಪುಡಿ ಏಳುತ್ತದೆ.

ನಮ್ಮ ಕಡೆಯ ಒಂದು ವಿಶೇಷ ತೊಂದರೆ ಇದೆ. ಕಾವೇರಿಯಲ್ಲಿ ಬಿಳಿಮೀನಿಗೆ ರಾಗಿ ಉಂಡೆ ಹಾಕುವುದು ಹಳೆಯ ಪದ್ಧತಿ. ಕೆರೆಯ ಕಾಟ್ಲಾ, ರೋಹುವಿಗೆ ಕಡಲೆಕಾಯಿ ಹಿಂಡಿ, ಮೈದಾ ಕಲಸುತ್ತಾರೆ. ಅದೇ ಕೈಯಲ್ಲಿ ರಾಡ್ ಹಿಡಿಯುತ್ತೇವೆ. ಹಿಟ್ಟು ಕಿಂಡಿಯೊಳಗೆ ಒಣಗಿ ಕಲ್ಲಾಗುತ್ತದೆ, ಮಳೆಗಾಲದಲ್ಲಿ ಅದರ ಮೇಲೇ ಬೂಸ್ಟು ಬರುತ್ತದೆ. ಪಕ್ಕದಲ್ಲಿ ಒಂದು ಒದ್ದೆ ಬಟ್ಟೆ ಇಟ್ಟುಕೊಂಡು, ಗಾಳಕ್ಕೆ ಹಿಟ್ಟು ಕಟ್ಟಿದ ಮೇಲೆ ಕೈ ಒರೆಸಿ ರಾಡ್ ಮುಟ್ಟಿ. ಇಷ್ಟು ಮಾಡಿದರೆ ಎಷ್ಟೋ ತೊಳೆಯುವ ಕೆಲಸ ತಪ್ಪುತ್ತದೆ.

ಹಿಡಿಯಲ್ಲಿ ಗುಂಡಿಗಳು ಬಿದ್ದಿವೆ. ಏನು ತುಂಬಲಿ?

ಕಾರ್ಕ್ ಪುಡಿ ಮತ್ತು ನೀರಿಗೆ ಜಗ್ಗದ ಮರದ ಅಂಟು. ಅಂಟಿಗೆ ನಾನು ಫೆವಿಕಾಲ್ ಮರೀನ್ ಬಳಸುತ್ತೇನೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಮಾಮೂಲಿ ಬಿಳಿ ಅಂಟು ನೀರು ತಾಗಿದರೆ ಮೆತ್ತಗಾಗುತ್ತದೆ, ಅದು ಬೇಡ. ಪುಡಿಗೆ ವೈನ್ ಬಾಟಲಿಯ ಹಳೆಯ ಬಿರಡೆಯನ್ನು ಒರಟು ಸ್ಯಾಂಡ್ ಪೇಪರಿಗೆ ಉಜ್ಜಿ, ಟೀ ಸೋಸುವ ಜಾಲರಿಯಲ್ಲಿ ಸೋಸಿ. ವೈನ್ ತಾಗಿ ಕೆಂಪಾದ ತುದಿಯನ್ನು ಮೊದಲೇ ಕತ್ತರಿಸಿಬಿಡಿ.

ಗುಂಡಿಯೊಳಗಿನ ಸಡಿಲ ಪುಡಿಯನ್ನು ಹಲ್ಲುಕಡ್ಡಿಯಿಂದ ಕೆರೆದು ತೆಗೆಯಿರಿ. ಇದನ್ನು ಬಿಟ್ಟುಬಿಟ್ಟರೆ ಮೇಲೆ ಎಷ್ಟು ಚೆನ್ನಾಗಿ ತುಂಬಿದರೂ ಒಂದೇ ತುಂಡಾಗಿ ಕಿತ್ತು ಬರುತ್ತದೆ. ಅಂಟಿಗೆ ಪುಡಿ ಹಾಕುತ್ತಾ ಚಪಾತಿ ಹಿಟ್ಟಿಗಿಂತ ಸ್ವಲ್ಪ ಮೆದುವಾಗಿ ಕಲಸಿ. ಬೆರಳಿನಿಂದ ಅಥವಾ ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಗುಂಡಿಗೆ ಒತ್ತಿ. ಮೇಲೆ ಕೂದಲೆಳೆಯಷ್ಟು ಉಬ್ಬಿರಲಿ, ಒಣಗುವಾಗ ಅಂಟು ಕುಗ್ಗುತ್ತದೆ. ಆಳದ ಗುಂಡಿಗೆ ಎರಡು ಸಲ ತುಂಬಿ. ಒಂದು ಇಡೀ ದಿನ ಒಣಗಲು ಬಿಡಿ.

ಎರಡು ಎಚ್ಚರಿಕೆ. ಅಂಟು ಬೆರೆತ ಪುಡಿ ಒಣಗಿದಾಗ ಸುತ್ತಲಿನ ಕಾರ್ಕಿಗಿಂತ ಕಪ್ಪಾಗಿ ಕಾಣುತ್ತದೆ, ಆದ್ದರಿಂದ ಆದಷ್ಟು ತಿಳಿ ಬಣ್ಣದ ಬಿರಡೆ ಆರಿಸಿ. ಇನ್ನೊಂದು, ಒಣಗಿದ ಅಂಟು ಕಾರ್ಕಿಗಿಂತ ತುಂಬಾ ಗಟ್ಟಿ. ಹಿಡಿಯ ತುಂಬ ಬಳಿದುಬಿಟ್ಟರೆ ಆಮೇಲೆ ಉಜ್ಜುವಾಗ ಮೆದುವಾದ ಕಾರ್ಕ್ ಸವೆಯುತ್ತದೆ, ಗಟ್ಟಿ ಅಂಟು ಅಲ್ಲೇ ನಿಲ್ಲುತ್ತದೆ. ಹಿಡಿಯೆಲ್ಲ ಗುಡ್ಡ ಹಳ್ಳ. ಗುಂಡಿ ಇದ್ದಲ್ಲಿ ಮಾತ್ರ ತುಂಬಿ, ಪಕ್ಕಕ್ಕೆ ಹರಡಿದ್ದನ್ನು ಹಸಿಯಿರುವಾಗಲೇ ಒದ್ದೆ ಬಟ್ಟೆಯಿಂದ ಒರೆಸಿ.

ಉಜ್ಜುವುದಕ್ಕೆ ಎಷ್ಟನೇ ನಂಬರಿನ ಸ್ಯಾಂಡ್ ಪೇಪರ್?

ತುಂಬಿದ ಉಬ್ಬು ಇಳಿಸಲು 220. ಆಮೇಲೆ 320, ಕೊನೆಗೆ 400. ಗುಂಡಿ ಇಲ್ಲದ, ಬರೀ ಮಾಸಿದ ಹಿಡಿಗೆ 400 ಒಂದೇ ಸಾಕು.

ಮೊದಲು ಹಿಡಿಯ ಎರಡೂ ತುದಿಯಲ್ಲಿ ಕೋಲಿಗೆ, ರೀಲ್ ಸೀಟಿಗೆ ಮಾಸ್ಕಿಂಗ್ ಟೇಪ್ ಎರಡು ಸುತ್ತು ಹಾಕಿ. ಒಂದೇ ಒಂದು ಜಾರು ಏಟಿಗೆ ಕೋಲಿನ ಹೊಳಪು ಹೋಗುತ್ತದೆ. ಪೇಪರನ್ನು ಒಂದಿಂಚು ಅಗಲದ ಪಟ್ಟಿಯಾಗಿ ಹರಿದು, ಹಿಡಿಗೆ ಸುತ್ತಿ, ಎರಡು ತುದಿ ಹಿಡಿದು ಬೂಟ್ ಪಾಲಿಶ್ ಮಾಡುವವರ ಹಾಗೆ ಆಚೀಚೆ ಎಳೆಯಿರಿ. ನಡುನಡುವೆ ರಾಡನ್ನು ತಿರುಗಿಸುತ್ತಾ ಇರಿ. ಒಂದೇ ಕಡೆ ಬೆರಳಿಟ್ಟು ಉಜ್ಜಿದರೆ ಆ ಜಾಗ ಚಪ್ಪಟೆಯಾಗುತ್ತದೆ. ಮುಗಿದ ಮೇಲೆ ಧೂಳನ್ನು ಬ್ರಷ್ಷಿನಿಂದ ಕೊಡವಿ, ಸ್ಪಿರಿಟ್ ಬಟ್ಟೆಯಿಂದ ಒರೆಸಿ.

ಸೀಲ್ ಮಾಡಲು ಯಾವುದು ಒಳ್ಳೆಯದು?

ಒಂದೇ ಉತ್ತರ ಇಲ್ಲ. ನಾನು ಬಳಸಿದ, ಕೈಯಲ್ಲಿ ಹಿಡಿದು ಮೀನು ಹಿಡಿದ ಬಗೆಗಳನ್ನಷ್ಟೇ ಹೇಳುತ್ತೇನೆ.

ಯು-40 ಕಾರ್ಕ್ ಸೀಲ್ ಇದಕ್ಕೆಂದೇ ಮಾಡಿದ್ದು. ಅಮೆರಿಕದಲ್ಲಿ ರಾಡ್ ಕಟ್ಟುವವರು ತುಂಬಾ ಬಳಸುತ್ತಾರೆ. ನೀರಿನಂತೆ ತೆಳು, ಕಿಂಡಿಗೆ ಇಳಿಯುತ್ತದೆ, ಬೇಗ ಒಣಗುತ್ತದೆ, ಕಾರ್ಕಿನ ಬಣ್ಣವನ್ನು ಹೆಚ್ಚು ಬದಲಿಸುವುದಿಲ್ಲ. ನಮ್ಮ ಊರುಗಳ ಅಂಗಡಿಯಲ್ಲಿ ಕಾಣುವುದು ಕಡಿಮೆ. ಹೊರದೇಶದಿಂದ ಬರುವ ನೆಂಟರು ಇದ್ದರೆ ಒಂದು ಸಣ್ಣ ಬಾಟಲಿ ತರಲು ಹೇಳಿ, ಎಷ್ಟೋ ರಾಡ್‌ಗೆ ಆಗುತ್ತದೆ.

ಟ್ರೂ-ಆಯಿಲ್ ಬಂದೂಕಿನ ಮರದ ಹಿಡಿಗೆ ಹಚ್ಚುವ ಎಣ್ಣೆ. ಅಗಸೆ ಎಣ್ಣೆಯ ಜೊತೆ ಬೇರೆ ಎಣ್ಣೆಗಳು ಸೇರಿರುತ್ತವೆ. ಹಿಡಿಗೆ ಜೇನಿನ ಬಣ್ಣ ಕೊಡುತ್ತದೆ. ಎರಡು ಕೋಟ್ ದಾಟಿದರೆ ಹೊಳಪು ಬಂದು ಜಾರಲು ಶುರುವಾಗುತ್ತದೆ, ಅಲ್ಲಿಗೆ ನಿಲ್ಲಿಸಿ.

ಕೈಗೆ ಸುಲಭವಾಗಿ ಸಿಗುವುದು ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್, ಪೇಂಟ್ ಅಂಗಡಿಯ ಅಗಸೆ ಎಣ್ಣೆ. ನಾನು ಹೆಚ್ಚಾಗಿ ಇದನ್ನೇ ಹಚ್ಚುವುದು. ತೆಳುವಾಗಿ ಹಚ್ಚಿದರೆ ಒಳಗೆ ಇಳಿದು ಗಟ್ಟಿಯಾಗುತ್ತದೆ, ಮೇಲೆ ಪದರ ಕಟ್ಟುವುದಿಲ್ಲ, ಕಾರ್ಕ್ ಕಾರ್ಕಾಗಿಯೇ ಕೈಗೆ ಸಿಗುತ್ತದೆ. ಬಣ್ಣ ಸ್ವಲ್ಪ ಕಂದಾಗುತ್ತದೆ. ಅಡುಗೆಗೆ ಬಳಸುವ ಅಗಸೆ ಎಣ್ಣೆ ಇದಲ್ಲ. ಅದೂ ಕೊನೆಗೆ ಒಣಗುತ್ತದೆ, ಆದರೆ ವಾರಗಟ್ಟಲೆ ಬೇಕು. ಪೇಂಟ್ ಅಂಗಡಿಯದರಲ್ಲಿ ಬೇಗ ಒಣಗಿಸುವ ಲೋಹದ ಲವಣಗಳು ಸೇರಿರುತ್ತವೆ, ಹಾಗಾಗಿ ಅದನ್ನು ಬಾಯಿಗೆ ಹಾಕುವಂತಿಲ್ಲ, ಮಕ್ಕಳಿಂದ ದೂರ ಇಡಿ. ಟಂಗ್ ಆಯಿಲ್ (ಟಂಗ್ ಮರದ ಬೀಜದ ಎಣ್ಣೆ) ಸಿಕ್ಕರೆ ಅದು ನೀರನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ.

ಜೇನುಮೇಣ ಹಚ್ಚುವವರೂ ಇದ್ದಾರೆ. ಚಳಿಗಾಲದಲ್ಲಿ ಸರಿ. ನಮ್ಮ ಏಪ್ರಿಲ್ ಬಿಸಿಲಿಗೆ ಹಿಡಿ ಅಂಟಂಟಾಗಿ ಧೂಳು ಹಿಡಿಯುತ್ತದೆ. ಒಮ್ಮೆ ಮೇಣ ಇಳಿದರೆ ಆಮೇಲೆ ಬೇರೆ ಸೀಲರ್ ಹಿಡಿಯುವುದಿಲ್ಲ, ಗುಂಡಿಗೆ ಅಂಟೂ ಕೂರುವುದಿಲ್ಲ. ನಾನು ಬೇಡ ಅನ್ನುತ್ತೇನೆ.

ಬಾಗಿಲಿಗೆ ಹೊಡೆಯುವ ಪಿಯು (ಪಾಲಿಯುರೆಥೇನ್) ವಾರ್ನಿಷ್ ಮನೆಯಲ್ಲಿ ಉಳಿದಿದೆ. ಅದು ಆಗಲ್ವಾ?

ನಾನೂ ಶುರುವಿನಲ್ಲಿ ಅದನ್ನೇ ಮಾಡಿದ್ದೆ. ಮೂರು ಕೋಟ್ ಹೊಡೆದು ಗಾಜಿನ ಹಾಗೆ ಮಿಂಚುತ್ತಿತ್ತು. ಕೈ ಒದ್ದೆಯಾದ ಕೂಡಲೇ ಹಿಡಿ ಜಾರಿತು. ಎರಡು ತಿಂಗಳಿಗೆ ಹೆಬ್ಬೆರಳು ಒತ್ತುವ ಜಾಗದಲ್ಲಿ ಬಿರುಕು. ಕಾರಣ ಸರಳ. ಕಾರ್ಕ್ ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಏಳುತ್ತದೆ. ಮೇಲಿನ ಗಟ್ಟಿ ಪದರಕ್ಕೆ ಹಾಗೆ ಬಗ್ಗಲು ಬರುವುದಿಲ್ಲ, ಸೀಳುತ್ತದೆ. ಸೀಳಿನಲ್ಲಿ ನೀರು ಇಳಿದು ಪದರದ ಕೆಳಗೇ ಉಳಿಯುತ್ತದೆ. ಅದನ್ನು ಕೆರೆದು ತೆಗೆಯುವಾಗ ಒಳ್ಳೆಯ ಕಾರ್ಕೂ ಅರ್ಧ ಮಿಲಿಮೀಟರ್ ಹೋಯಿತು. ಆ ಹಿಡಿ ಇನ್ನೂ ನನ್ನ ಹತ್ತಿರ ಇದೆ, ಕೇಳಿದವರಿಗೆ ತೋರಿಸುತ್ತೇನೆ.

ತೆಂಗಿನೆಣ್ಣೆ ಹಚ್ಚಿದರೆ?

ಬೇಡ. ಇದು ಅತಿ ಹೆಚ್ಚು ಬರುವ ಪ್ರಶ್ನೆ, ಕರಾವಳಿಯವರಿಂದ ಇನ್ನೂ ಜಾಸ್ತಿ. ತೆಂಗಿನೆಣ್ಣೆ ಎಷ್ಟು ದಿನ ಬಿಟ್ಟರೂ ಒಣಗಿ ಗಟ್ಟಿಯಾಗುವ ಎಣ್ಣೆ ಅಲ್ಲ. ಅದು ಕಿಂಡಿಯಲ್ಲೇ ಎಣ್ಣೆಯಾಗಿ ಉಳಿದು ಧೂಳು ಹಿಡಿಯುತ್ತದೆ, ಆಮೇಲೆ ಕಮಟು ವಾಸನೆ ಬರುತ್ತದೆ. ಕಡಲೆಕಾಯಿ ಎಣ್ಣೆ, ಹರಳೆಣ್ಣೆ, ಹೊಲಿಗೆ ಮೆಷಿನ್ನಿನ ಎಣ್ಣೆಗೂ ಇದೇ ಮಾತು. ಈಗಾಗಲೇ ಹಚ್ಚಿದ್ದರೆ ಸ್ಪಿರಿಟ್ ಮತ್ತು ಸೋಪಿನ ನೀರಿನಿಂದ ಎರಡು ಮೂರು ಸಲ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಮುಂದುವರಿಯಿರಿ.

ಚನ್ನಪಟ್ಟಣದ ಬೊಂಬೆಗಳ ಅರಗು ಎಷ್ಟು ಚೆನ್ನಾಗಿ ಇರುತ್ತದೆ. ಅದನ್ನು ಹಚ್ಚಬಹುದಾ?

ಆಸೆ ನನಗೂ ಇತ್ತು. ಚನ್ನಪಟ್ಟಣದಲ್ಲಿ ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಅದಕ್ಕೆ ಬೇಕಾದದ್ದು ಹಾಲೆ ಮರದಂಥ ಗಟ್ಟಿ ಮೈ. ಕಾರ್ಕ್ ಒತ್ತಿದರೆ ಬಗ್ಗುತ್ತದೆ, ಅರಗಿನ ಪದರ ಒಡೆಯುತ್ತದೆ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಅಂದರೆ ಫ್ರೆಂಚ್ ಪಾಲಿಶ್, ನೀರು ನಿಂತರೆ ಬೆಳ್ಳಗಾಗುತ್ತದೆ, ಸೋಪಿನ ನೀರಿಗೂ ತಾಳುವುದಿಲ್ಲ. ಷೋಕೇಸಿನ ರಾಡ್ ಆದರೆ ಸರಿ, ಹೊಳೆಗೆ ಇಳಿಯುವ ರಾಡಿಗೆ ಆಗುವುದಿಲ್ಲ.

ಎಣ್ಣೆ ಹಚ್ಚುವ ಕ್ರಮ ಹೇಳಿ.

ಹಿಡಿ ಪೂರ್ತಿ ಒಣಗಿರಬೇಕು. ತೊಳೆದ ಮೇಲೆ ಕನಿಷ್ಠ ಎರಡು ದಿನ ಬಿಡಿ. ನೀರು ಒಳಗಿದ್ದಾಗ ಸೀಲ್ ಮಾಡಿದರೆ ಬೂಸ್ಟಿಗೆ ನಾವೇ ಬೀಗ ಹಾಕಿ ಒಳಗೆ ಕೂರಿಸಿದ ಹಾಗೆ.

ಹಳೆಯ ಹತ್ತಿ ಬನಿಯನ್ ಚೂರಿಗೆ ಎಣ್ಣೆ ಅದ್ದಿ, ಹಿಂಡಿ, ಹಿಡಿಗೆ ತಿಕ್ಕಿ. ಇಡೀ ಹಿಡಿಗೆ ಒಂದು ಚಮಚ ಎಣ್ಣೆ ಸಾಕು, ಉಳಿಯುತ್ತದೆ ಕೂಡ. ಹದಿನೈದು ನಿಮಿಷ ಬಿಟ್ಟು, ಒಣ ಬಟ್ಟೆಯಿಂದ ಮೇಲಿನದನ್ನೆಲ್ಲ ಒರೆಸಿ ತೆಗೆಯಿರಿ. ಮುಟ್ಟಿದರೆ ಕೈಗೆ ಎಣ್ಣೆ ಅನ್ನಿಸಬಾರದು. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಈ ಒರೆಸುವುದೇ. ಒರೆಸದೆ ಬಿಟ್ಟ ಎಣ್ಣೆ ಬೆಲ್ಲದ ಪಾಕದ ಹಾಗೆ ಅಂಟಾಗಿ ಕೂರುತ್ತದೆ, ಆಮೇಲೆ ಎಷ್ಟು ದಿನ ಕಾದರೂ ಸರಿಹೋಗುವುದಿಲ್ಲ.

ಮಾರನೆಯ ದಿನ ಅಥವಾ ಅದರ ಮಾರನೆಯ ದಿನ ಇನ್ನೊಂದು ಕೋಟ್. ಹೆಚ್ಚೆಂದರೆ ಮೂರು. ತುದಿಯ ಬಿಲ್ಲೆ ಮರೆಯಬೇಡಿ. ರಾಡನ್ನು ನೆಲಕ್ಕೆ ಊರುವುದರಿಂದ ನೀರು ಮೊದಲು ಸೇರುವುದೇ ಅಲ್ಲಿ. ಹಿಡಿ ಮತ್ತು ಕೋಲು ಸೇರುವ ಸಂದಿಗೂ ಬಟ್ಟೆಯ ತುದಿಯಿಂದ ಮುಟ್ಟಿಸಿ.

ಈ ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದ ಕೊಡಗಿನಲ್ಲೋ ಆಗುಂಬೆಯಲ್ಲೋ ಕೂತು ಹಚ್ಚಿದರೆ ಒಣಗಲು ತಾಳ್ಮೆ ಪರೀಕ್ಷೆಯೇ.

ಎಣ್ಣೆ ಒರೆಸಿದ ಬಟ್ಟೆ ಏನು ಮಾಡಲಿ?

ದಯವಿಟ್ಟು ಇದನ್ನು ಓದದೆ ಮುಂದೆ ಹೋಗಬೇಡಿ. ಅಗಸೆ ಎಣ್ಣೆ, ಟಂಗ್ ಆಯಿಲ್ ಒಣಗುವಾಗ ಗಾಳಿಯ ಆಮ್ಲಜನಕ ಹೀರಿ ಬಿಸಿ ಬಿಡುತ್ತವೆ. ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದರೆ ಆ ಬಿಸಿ ಒಳಗೇ ಕೂಡುತ್ತಾ ಹೋಗಿ, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ನಿಜವಾಗಿ ಹತ್ತುತ್ತದೆ, ಇದರಿಂದ ಮನೆಗಳು ಸುಟ್ಟಿವೆ. ಬಟ್ಟೆಯನ್ನು ಬಿಡಿಸಿ, ಒಂದರ ಮೇಲೊಂದು ಬೀಳದ ಹಾಗೆ ಹೊರಗಡೆ ತಂತಿಗೆ ಹಾಕಿ. ಗರಿಗರಿ ಒಣಗಿದ ಮೇಲೆ ಎಸೆಯಿರಿ. ಅಥವಾ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ.

ಸೀಲ್ ಎಷ್ಟು ದಿನ ಬರುತ್ತದೆ?

ವಾರಕ್ಕೊಮ್ಮೆ ಹೋಗುವವರಿಗೆ ವರ್ಷಕ್ಕೊಂದು ಕೋಟ್. ಹಿಡಿಯ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ. ಮಣಿಯಾಗಿ ನಿಂತರೆ ಚೆನ್ನಾಗಿದೆ. ಹರಡಿ ಆ ಜಾಗ ಕಪ್ಪಾದರೆ ಹಚ್ಚುವ ಸಮಯ ಬಂದಿದೆ.

ಮಲ್ಪೆ, ಕಾರವಾರದ ಕಡೆ ಸಮುದ್ರದಲ್ಲಿ ಗಾಳ ಹಾಕುತ್ತೇನೆ. ಬೇರೆ ಏನಾದರೂ ಮಾಡಬೇಕಾ?

ಉಪ್ಪು ಕಾರ್ಕನ್ನು ತಿನ್ನುವುದಿಲ್ಲ. ಆದರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಉಪ್ಪು ಕೂತ ಹಿಡಿ ಮಳೆಗಾಲ ಪೂರ್ತಿ ಒಣಗುವುದೇ ಇಲ್ಲ, ಪಕ್ಕದ ರೀಲ್ ಸೀಟಿನ ತಿರುಪು ಹಸಿರುಗಟ್ಟುತ್ತದೆ. ಮನೆಗೆ ಬಂದ ದಿನವೇ ರೀಲ್ ಬಿಚ್ಚಿ, ಸಿಹಿನೀರಿನ ಒದ್ದೆ ಬಟ್ಟೆಯಿಂದ ಹಿಡಿ, ತಿರುಪು ಎಲ್ಲ ಒರೆಸಿ. ರಭಸವಾಗಿ ಪೈಪ್ ಬಿಡಬೇಡಿ, ಉಪ್ಪನ್ನು ಸಂದಿಯೊಳಗೆ ತಳ್ಳಿದ ಹಾಗಾಗುತ್ತದೆ. ಸಮುದ್ರದ ರಾಡಿಗೆ ಆರು ತಿಂಗಳಿಗೊಂದು ತೆಳು ಕೋಟ್ ಕೊಡಿ.

ಮಳೆಗಾಲದಲ್ಲಿ ಹಿಡಿಗೆ ಬೂಸ್ಟು ಬರುತ್ತದೆ.

ಮಡಿಕೇರಿ, ಸಕಲೇಶಪುರ, ತೀರ್ಥಹಳ್ಳಿ ಕಡೆಯವರ ದೊಡ್ಡ ಗೋಳು ಇದು. ಬೂಸ್ಟು ಕಾರ್ಕಿಗಿಂತ ಹೆಚ್ಚಾಗಿ ಅದರ ಮೇಲಿನ ಬೆವರು, ಹಿಟ್ಟು, ಲೋಳೆಯ ಮೇಲೆ ಬೆಳೆಯುತ್ತದೆ. ಶುಭ್ರವಾದ ಹಿಡಿಗೆ ಕಡಿಮೆ. ಸ್ಪಿರಿಟ್ ಬಟ್ಟೆಯಿಂದ ಒರೆಸಿ, ಒಣಗಿಸಿ, ಕಲೆ ಉಳಿದಿದ್ದರೆ ಮೆಲಮೈನ್ ಸ್ಪಾಂಜ್.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾಡನ್ನು ಬಟ್ಟೆಯ ಕವರಿನಲ್ಲೂ ಪೈಪಿನಲ್ಲೂ ಇಡಬೇಡಿ. ಗೋಡೆಗೆ ಎರಡು ಮೊಳೆ ಹೊಡೆದು ಅಡ್ಡಕ್ಕೆ ಮಲಗಿಸಿ, ಸುತ್ತ ಗಾಳಿ ಆಡಲಿ. ಹಳೆಯ ಮನೆಯಲ್ಲಿ ಅಡುಗೆಮನೆ ಪಕ್ಕದ ಬೆಚ್ಚಗಿನ ಗೋಡೆ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಲೆಯ ನೇರ ಮೇಲೆ ಬೇಡ.

ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಅಥವಾ ಬ್ಯಾಡ್ಮಿಂಟನ್ ರಾಕೆಟ್ಟಿನ ಗ್ರಿಪ್ ಸುತ್ತಿದರೆ ಸೀಲೇ ಬೇಡ ಅಲ್ವಾ?

ದೋಣಿಯಲ್ಲಿ ರಾಡನ್ನು ಲೋಹದ ಹೋಲ್ಡರಿಗೆ ತುರುಕುವವರಿಗೆ ಹಿಂದಿನ ಹಿಡಿಗೆ ಶ್ರಿಂಕ್ ಟ್ಯೂಬ್ ಉಪಯೋಗವೇ. ಉಜ್ಜಾಟದಿಂದ ಅದು ಕಾಪಾಡುತ್ತದೆ. ಆದರೆ ಸೀಲ್ ಮಾಡಿದ, ಒಣಗಿದ ಹಿಡಿಯ ಮೇಲೆ ಮಾತ್ರ ಹಾಕಿ. ಬಿಸಿ ಗಾಳಿಯ ಗನ್ ಒಂದೇ ಕಡೆ ನಿಲ್ಲಿಸಬೇಡಿ, ಕೋಲಿನ ಅಂಟು ಮೆತ್ತಗಾಗುತ್ತದೆ. ರಾಕೆಟ್ ಗ್ರಿಪ್ ನೀರು ಹೀರಿ ಹಿಡಿಗೆ ಅಂಟಿಸಿಕೊಂಡೇ ಇರುತ್ತದೆ. ಒಂದು ದಿನದ ಮಟ್ಟಿಗೆ ಸರಿ, ಮನೆಗೆ ಬಂದು ಬಿಚ್ಚಿ. ಕೈಯಲ್ಲಿ ಹಿಡಿಯುವ ಮುಂದಿನ ಭಾಗಕ್ಕೆ ಏನೂ ಸುತ್ತಬೇಡಿ ಅನ್ನುವುದು ನನ್ನ ಅಭಿಪ್ರಾಯ. ಮೀನು ಮೂಸುವ ಸಣ್ಣ ಕಂಪನ ಕೈಗೆ ತಿಳಿಯಬೇಕು, ಕಾರ್ಕ್ ಆರಿಸಿದ್ದೇ ಅದಕ್ಕಲ್ಲವೇ.

ಗಾಳದ ಕೊಕ್ಕೆಯನ್ನು ಕಾರ್ಕಿಗೆ ಚುಚ್ಚಿಡುವ ಅಭ್ಯಾಸ ಇದೆ.

ಬಿಟ್ಟುಬಿಡಿ. ಒಂದೊಂದು ಚುಚ್ಚೂ ನೀರಿಗೆ ಒಂದೊಂದು ಬಾಗಿಲು. ಹೆಚ್ಚಿನ ರಾಡ್‌ನಲ್ಲಿ ಹಿಡಿಯ ಮುಂದೆ ಕೊಕ್ಕೆ ಸಿಕ್ಕಿಸಲು ಪುಟ್ಟ ತಂತಿ ಬಳೆ ಇರುತ್ತದೆ. ಇಲ್ಲದಿದ್ದರೆ ರಬ್ಬರ್ ಬಳೆಯ ಜೊತೆ ಬರುವ ಹುಕ್ ಕೀಪರ್ ಹಾಕಿಕೊಳ್ಳಿ.

ಒಂದು ಬಿಲ್ಲೆ ಅಲುಗಾಡುತ್ತಿದೆ, ಇನ್ನೊಂದರ ಚೂರು ಹಾರಿದೆ.

ಅಲುಗಾಡುವ ಬಿಲ್ಲೆಯ ಸಂದಿಗೆ ಅಂಟನ್ನು ಇಂಜೆಕ್ಷನ್ ಸಿರಿಂಜಿನಿಂದ ಬಿಡಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಒಂದು ದಿನ ಇಡಿ. ಚೂರು ಹಾರಿದ್ದು ಕಾಲು ಬಿಲ್ಲೆಗಿಂತ ಕಡಿಮೆ ಇದ್ದರೆ, ಆ ಜಾಗವನ್ನು ಚೂಪು ಬ್ಲೇಡಿನಿಂದ ಚೌಕವಾಗಿ ಕತ್ತರಿಸಿ, ಬಿರಡೆಯ ತುಂಡನ್ನು ಸರಿಯಾಗಿ ಕೂರುವಂತೆ ಕೆತ್ತಿ ಅಂಟಿಸಿ, ಮಟ್ಟ ಮಾಡಿ. ಅದಕ್ಕಿಂತ ದೊಡ್ಡದಾದರೆ ಬಿಲ್ಲೆಯನ್ನೇ ಬದಲಿಸಬೇಕು. ಹೊಸ ಬಿಲ್ಲೆಯನ್ನು ಎರಡು ಹೋಳು ಮಾಡಿ ಕೋಲಿನ ಸುತ್ತ ಸೇರಿಸಿ ಅಂಟಿಸುತ್ತಾರೆ. ಆಮೇಲೆ ಇಡೀ ಹಿಡಿಗೆ ಸೀಲ್.

ಅಜ್ಜನ ಕಾಲದ ಬಿದಿರಿನ ಕೋಲು ಅಟ್ಟದಲ್ಲಿ ಸಿಕ್ಕಿದೆ. ಹಿಡಿ ಕಪ್ಪಾಗಿದೆ. ಹೊಸದರಂತೆ ಮಾಡಲಾ?

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಮನೆಗಳಲ್ಲಿ ಇಂಥವು ಇನ್ನೂ ಸಿಗುತ್ತವೆ. ಬಿದಿರಿನ ಸೀಳುಗಳನ್ನು ಆರು ಮೂಲೆಯಾಗಿ ಜೋಡಿಸಿದ ಕೋಲು. ಅದಕ್ಕೆ ಸ್ಯಾಂಡ್ ಪೇಪರ್ ಮುಟ್ಟಿಸಬೇಡಿ. ಹಳೆಯ ಕಾರ್ಕ್ ಬಿರುಸಾಗಿರುತ್ತದೆ, ಉಜ್ಜಿದರೆ ಹೆಬ್ಬೆರಳು ಕೂರಿಸಿ ಕೂರಿಸಿ ಆದ ತಗ್ಗು ಹೋಗುತ್ತದೆ, ಕೋಲಿನ ಬೆಲೆಯೂ ಇಳಿಯುತ್ತದೆ. ಹಿಂಡಿದ ಸೋಪು ಬಟ್ಟೆಯಿಂದ ಒರೆಸಿ, ಒಣಗಿಸಿ. ಉದುರುವ ಗುಂಡಿ ಇದ್ದರೆ ಅಷ್ಟಕ್ಕೆ ಮಾತ್ರ ತುಂಬಿ. ಸ್ಪಿರಿಟ್ ಹತ್ತಿರಕ್ಕೂ ಬೇಡ, ದಾರದ ಹಳೆಯ ವಾರ್ನಿಷ್ ಹೋಗುತ್ತದೆ.

ಸೊಳ್ಳೆ ಕ್ರೀಮ್ ಕೈಗೆ ಹಚ್ಚಿದ್ದರೆ ಹಿಡಿಗೆ ತೊಂದರೆಯೇ?

ಡೀಟ್ ಎಂಬ ಸೊಳ್ಳೆ ಓಡಿಸುವ ರಾಸಾಯನಿಕ ಇರುವ ಕ್ರೀಮ್ ಆದರೆ ಹೌದು. ಅದು ಕೆಲವು ಪ್ಲಾಸ್ಟಿಕ್, ವಾರ್ನಿಷ್‌ಗಳನ್ನು ಮೆತ್ತಗೆ ಮಾಡುತ್ತದೆ. ಕಾರ್ಕಿಗಿಂತ ಅದರ ಮೇಲಿನ ಸೀಲರ್‌ಗೆ, ಗಾಳದ ದಾರಕ್ಕೆ ಭಯ ಜಾಸ್ತಿ. ಕೈಯ ಹಿಂಬದಿಯಿಂದ ಹಚ್ಚಿಕೊಂಡು ಅಂಗೈ ತೊಳೆದುಕೊಳ್ಳಿ.

ಸೀಲ್ ಮಾಡಿದ ಮೇಲೆ ಯಾವಾಗ ನೀರಿಗೆ ಇಳಿಸಬಹುದು?

ವಾಟರ್ ಬೇಸ್ಡ್, ಅಂದರೆ ಎಣ್ಣೆಯ ಬದಲು ನೀರಿನಲ್ಲಿ ಕಲಸಿದ ಸೀಲರ್ ಆದರೆ ಒಂದು ದಿನ ಬಿಟ್ಟು. ಅಗಸೆ ಎಣ್ಣೆ ಆದರೆ ಒಂದು ವಾರ ಕಾಯಿರಿ. ಹಿಡಿಯನ್ನು ಮೂಗಿನ ಹತ್ತಿರ ತನ್ನಿ. ಎಣ್ಣೆಯ ವಾಸನೆ ಬರುತ್ತಿದ್ದರೆ ಒಳಗೆ ಇನ್ನೂ ಒಣಗಿಲ್ಲ, ಆ ಭಾನುವಾರ ಬೇರೆ ರಾಡ್ ತೆಗೆದುಕೊಂಡು ಹೋಗಿ.